ಗುರುತಿನ ನೋಟು

ಗೋಣಿಕೊಪ್ಪದ ಠಾಣೆಯಲ್ಲಿ ನನಗೊಂದು ನೂರರ ನೋಟು ಕೊಟ್ಟರು,
ಮೂಲೆಯಲ್ಲಿ ದಫೇದಾರ್ ಬೋಪಯ್ಯನವರ ಕಿರುಸಹಿ.
ನೋಟಿನ ನಂಬರು ಪಂಚನಾಮೆಯಲ್ಲಿ ಬರೆದಾಯಿತು.
"ಹೋಗಿ ಆಡು. ಚೀಟಿ ಇಸ್ಕೊ. ಆಮೇಲೆ ತಲೆ ಕೆರ್ಕೊ."

ಮೀನಂಗಡಿ ಹಿಂದೆ ಕುಂಞಿರಾಮ ಕೇಳಿದ: ಯಾವುದಕ್ಕೆ?
ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.
ಬಾಯಿಗೆ ಬಂದದ್ದು ಅರವತ್ತೆರಡು,
ಕಾಫಿ ಮೂಟೆ ಹೊರುತ್ತಿದ್ದ ಅಪ್ಪನ ಬಿಲ್ಲೆ ನಂಬರು.
ತಲೆ ಕೆರೆದುಕೊಂಡೆ.

ವಿರಾಜಪೇಟೆ ಕೋರ್ಟಿನಲ್ಲಿ, ಮೂರು ವರ್ಷದ ಮೇಲೆ,
ಲಕೋಟೆಯಿಂದ ನೋಟು ಹೊರಬಂತು; ಗುರುತಿಸಿದೆ.
ಪಂಚ ಮಾತ್ರ ಏನೂ ಕಾಣಲಿಲ್ಲ ಅಂದ,
ಅವನಿಗೆ ಅದೇ ಅಂಗಡಿಯಲ್ಲಿ ಮೀನಿನ ಸಾಲ.
ವಕೀಲರು: "ಆ ರಾತ್ರಿ ಯಾವ ನಂಬರು ಬಿತ್ತು, ಗೊತ್ತೇ?"
"ಗೊತ್ತಿಲ್ಲ" ಅಂದೆ, ಪ್ರಮಾಣ ಮಾಡಿದ ಬಾಯಲ್ಲೇ.

ಅರವತ್ತೆರಡೇ.
ಕಟಕಟೆಯಲ್ಲಿ ಕುಂಞಿರಾಮ ನನ್ನ ಕಡೆ ನೋಡಿ
ತಲೆ ಕೆರೆದುಕೊಂಡ.