ಮಹಜರು

ಕಟಪಾಡಿಯ ಹಿಂದಿನ ಪಾದೆಗುಡ್ಡೆ.
ನನ್ನ ಕಡತದಲ್ಲಿ ಇದರ ಹೆಸರು ಸರ್ಕಾರಿ ಪರಂಬೋಕು,
ಅಪ್ಪಿಯಕ್ಕನ ಬಾಯಲ್ಲಿ ‘ನಮ್ಮಲ್ಲಿ’.

ಹಂಚಿನ ಕಾರ್ಖಾನೆ ಮುಚ್ಚಿದ ವರ್ಷ
ಸಂಬಳದ ಬಾಕಿಗೆಂದು ಗಂಡ ಹೊತ್ತು ತಂದ ಹಂಚು
ಮಾಡಿನ ಮೇಲೆ ಇನ್ನೂ ಇದೆ,
ಒಂದೊಂದರ ಬೆನ್ನಲ್ಲೂ ಮುಳುಗಿದ ಕಂಪೆನಿಯ ಹೆಸರು.
ಈಗ ಬೀಡಿಯೂ ವಾರಕ್ಕೆ ಎರಡೇ ದಿನ.

ಸರ್ಕಾರ ಹೇಳಿದೆ:
ಕೂತವರಿಗೆ ಐದು ಸೆಂಟ್ಸು, ಹಕ್ಕುಪತ್ರ, ಆರು ತಿಂಗಳ ಅಕ್ಕಿ.
ಕೂತದ್ದು ಎಂದಿನಿಂದ, ಪುರಾವೆ ಬೇಕು.

ನಾನು ಗ್ರಾಮ ಕರಣಿಕ.
ಚೀಲದಲ್ಲಿ ಟೇಪು, ಶಾಯಿಪ್ಯಾಡು, ಹನ್ನೊಂದು ಕಾಲಮಿನ ನಮೂನೆ.
ಕರೆಂಟು ಬಿಲ್ಲು?
‘ಕರೆಂಟು ಬಂದದ್ದೇ ಮೊನ್ನೆ ಅಲ್ವಾ ಮಾರಾಯ್ರೆ.’
ತೀರ್ವೆ ರಶೀದಿ?
ನಕ್ಕಳು.
ಹಿತ್ತಿಲಿಗೆ ಕರೆದು ತೆಂಗಿನ ಮೈಗೆ ಬೆರಳಿಟ್ಟಳು:
‘ಮಡಲು ಬಿದ್ದ ಗುರುತು. ವರ್ಷಕ್ಕೆ ಹನ್ನೆರಡು. ಎಣಿಸಿ.
ನೆಟ್ಟದ್ದು ವಾಮನ ಹುಟ್ಟಿದ ಆಟಿಯಲ್ಲಿ.’

ಎಣಿಸಿದೆ, ಕುತ್ತಿಗೆ ನೋಯುವ ತನಕ.
ಇನ್ನೂರ ನಲವತ್ತರ ಹತ್ತಿರ ಒಂದು ಕಾಗೆ ಕೂಗಿ ಲೆಕ್ಕ ತಪ್ಪಿತು.
ಮತ್ತೆ ಬುಡದಿಂದ.
ಯಾವ ಕಾಲಮಿನಲ್ಲೂ ತೆಂಗಿನಮರಕ್ಕೆ ಜಾಗವಿರಲಿಲ್ಲ;
‘ಇತರೆ’ ಎಂಬಲ್ಲಿ ಬರೆದೆ, ಸಣ್ಣ ಅಕ್ಷರದಲ್ಲಿ.

ಆಮೇಲೆ ಅಳತೆ.
ಉಗ್ರಾಣಿ ಒಂದು ತುದಿ ಹಿಡಿದ, ನಾನು ಇನ್ನೊಂದು.
ಐದು ಸೆಂಟ್ಸು ಮುಗಿಯಿತು
ತೆಂಗಿನಿಂದ ಮೂರು ಮೊಳ ಈಚೆಗೆ.
ಸಾಕ್ಷಿ ಸರ್ಕಾರದ ಪಾಲಿಗೆ ಬಿತ್ತು.

ಅವಳು ಗೂಟವನ್ನೊಮ್ಮೆ ನೋಡಿದಳು, ಮರವನ್ನೊಮ್ಮೆ.
ಏನೂ ಅನ್ನಲಿಲ್ಲ.
ದೋಟಿ ತಂದು ಒಂದು ಬೊಂಡ ಎಳೆದು
ಕೆತ್ತಿ ನನ್ನ ಕೈಗೆ ಕೊಟ್ಟಳು.

ಬೊಂಡ ಯಾರದ್ದೆಂದು ನಾನು ಕೇಳಲಿಲ್ಲ.
ಬಿಸಿಲಿತ್ತು. ಕುಡಿದೆ.