ಒಂದು ಕೊಡದ ಲೆಕ್ಕ

ಗುಳೇದಗುಡ್ಡ ಪುರಸಭೆಯ ಮಾಳಿಗೆ ಮೇಲೆ
ಹೊಸದಾಗಿ ಬಂದ ಶಮಶಾದ್ ಮೇಡಂ ಕೇಳಿದರು:
"ಕೊಡ ನೀರಿಗೆ ನಮಗೆಷ್ಟು ಬೀಳತೈತಿ?"
ನಕ್ಕೆ. ನೀರಿಗೆಂಥ ದರ, ಬಿಡುವುದಷ್ಟೇ ಗೊತ್ತು.

ಅವರು ಬರೆಯುತ್ತ ಹೋದರು:
ಪಂಪಿನ ಕರೆಂಟು, ಪಟಿಕ, ಬ್ಲೀಚಿಂಗು,
ವಾಲ್ವ್‌ಮನ್ ಹನಮಪ್ಪನ ಪಗಾರ,
ಅವನ ಸೈಕಲ್ಲಿನ ಪಂಚರು ಕೂಡ.
ಮೂವತ್ತೊಂದು ಪೈಸೆ.

ಪೆನ್ಸಿಲ್ ಕಚ್ಚಿ, ತಡೆದು,
"ಮನಿ ಮುಟ್ಟಿದ ಕೊಡ ಅಷ್ಟೇ ಎಣಸ್ರಿ" ಅಂದರು.
ಅರವತ್ತೆರಡಾಯಿತು.

ಉಳಿದರ್ಧ?
ಹನಮಪ್ಪ ನೆಲ ನೋಡಿದ:
"ಮಗ್ಗದ ಓಣಿ ತಿರುವಿನ್ಯಾಗ ವಾಲ್ವು ಸೋರತೈತ್ರಿ.
ಮೂರು ವರ್ಷಾತು. ಯಾರೂ ಕೇಳಲಿಲ್ಲ."

ಹೊಸ ಬೋರಿನ ಕಡತ, ಹದಿನಾಲ್ಕು ಲಕ್ಷ,
ಸಹಿಗೆ ಕಾದಿತ್ತು.
ಅದರ ಮೇಲೆ ಮೇಡಂ ಇಟ್ಟರು
ಒಂದು ರಬ್ಬರ್ ವಾಶರು.

ಸಂಜೆ ಮನೆಯಲ್ಲಿ ಹೆಂಡತಿ
ಹಳೆ ನೀರು ಅಂಗಳಕ್ಕೆ ಚೆಲ್ಲಿದಳು.
ನನ್ನ ಬಾಯಿ ತಾನೇ ಅಂದಿತು:
ಅರವತ್ತೆರಡು.