ಮಾತು ಬಂದಿದೆ

ಕುಂಸಿಗೂ ಅರಸಾಳಿಗೂ ನಡುವೆ
ಒಂದು ರೈಲ್ವೆ ಗೇಟು. ಅದಕ್ಕೊಂದು ಗೂಡು,
ಗೂಡಲ್ಲೊಂದು ಕಪ್ಪು ಫೋನು, ಎರಡು ಬಾವುಟ,
ಮತ್ತು ನಮ್ಮಪ್ಪ ನಥಾನಿಯೇಲ.

ಫೋನು ಬಡಿದುಕೊಂಡರೆ ಎತ್ತಿ, 'ಆಯ್ತು ಸಾರ್' ಎಂದು
ನಂಬರು ಬರೆದುಕೊಂಡು ಗೇಟು ಇಳಿಸುತ್ತಿದ್ದ.
ಬುತ್ತಿ ಕೊಡಲು ಹೋದ ನಾನು
ಹಳಿಯ ಆ ತುದಿ ಈ ತುದಿ ನೋಡುತ್ತಿದ್ದೆ:
ತೇಗದ ನೆಡುತೋಪು, ಬಿಸಿಲು, ಒಂದು ನವಿಲು.
ರೈಲಿನ ಸುಳಿವೇ ಇಲ್ಲ.

ಒಮ್ಮೆ ನಲವತ್ತು ನಿಮಿಷ.
ಮರದ ಲಾರಿಯವನು ಹಾರ್ನು ಒತ್ತೊತ್ತಿ ದಣಿದು
ಅಪ್ಪನ ತಾಯಿಯನ್ನು ಬೈದ, ಅಪ್ಪನ ದೇವರನ್ನೂ ಬೈದ.
ಹಾಲಿನವನು ಬೈಕು ಓರೆಮಾಡಿ
ಕಂಬಿಯಡಿ ನುಸುಳಿ ಆಚೆ ಹೋದ;
ಅವನಿಗೇನೂ ಆಗಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೇ.
'ಬರುತ್ತೆ ಅಂತ ಹೇಗೆ ಗೊತ್ತು?' ಎಂದೆ.
'ಗೊತ್ತಿಲ್ಲ,' ಎಂದ. 'ಮಾತು ಬಂದಿದೆ.'

ಇಂಥ ಅಪ್ಪ
ಸ್ವಂತ ಅಣ್ಣನ ಜೊತೆ ಮಾತು ಬಿಟ್ಟು ಏಳು ವರ್ಷ.
ಅಜ್ಜಿ ಆಸ್ಪತ್ರೆಯಲ್ಲಿ ಮಲಗಿದ್ದಾಗ
ಅವಳ ಹೊಲಿಗೆ ಮಿಷನ್ನನ್ನು ದೊಡ್ಡಪ್ಪ ಮಾರಿದ್ದರು.
ಕೊನೆಯ ರಾತ್ರಿಯೂ ಹೊದಿಕೆಯಡಿ
ಅವಳ ಪಾದಗಳು ತುಳಿಯುತ್ತಲೇ ಇದ್ದವು,
ಯಾರದೋ ಲಂಗದ ಅಂಚು ಮುಗಿಸುವವಳಂತೆ.
ಅಪ್ಪ ಆ ಪಾದಗಳನ್ನು ಮರೆಯಲಿಲ್ಲ.
ಭಾನುವಾರ ವಿಶ್ವಾಸಪ್ರಮಾಣ ಹೇಳುವಾಗ
'ಪಾಪಪರಿಹಾರ' ಬಂದ ಕಡೆ ದನಿ ತಗ್ಗುತ್ತಿತ್ತು;
ಪಕ್ಕದಲ್ಲಿ ನಿಂತ ನನಗೊಬ್ಬಳಿಗೇ ಗೊತ್ತು.

ಆ ವರ್ಷದ ಸುಗ್ಗಿ ಆರಾಧನೆಗೆ
ಗೂಡಿನ ಹಿಂದೆ ತಾನೇ ಬೆಳೆದ ಸಿಹಿಗುಂಬಳವನ್ನು
ಪ್ಯಾಸೆಂಜರಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು
ಶಿವಮೊಗ್ಗಕ್ಕೆ ತಂದಿದ್ದ.
ಸುಕುಮಾರ ಅಯ್ಯನವರು ವಾಕ್ಯ ಓದಿದರು:
ಕಾಣಿಕೆ ಹಿಡಿದು ಬಂದವನಿಗೆ ಸಹೋದರನ ನೆನಪಾದರೆ
ಕಾಣಿಕೆ ಅಲ್ಲೇ ಇರಲಿ, ಮೊದಲು ಅವನು ಹೋಗಲಿ.
ಎಷ್ಟು ಸಲ ಕೇಳಿರಲಿಲ್ಲ ನಾವು!
ಅಪ್ಪ ಎದ್ದ. ಪ್ರಸಂಗ ಇನ್ನೂ ಶುರುವಾಗಿರಲಿಲ್ಲ.
ಕುಂಬಳವನ್ನು ವೇದಿಯ ಮೆಟ್ಟಿಲ ಮೇಲಿಟ್ಟು,
ಬಾಗಿಲಲ್ಲಿ ಚಪ್ಪಲಿ ಹುಡುಕಿ, ನನ್ನ ಕೈ ಹಿಡಿದು
ಭದ್ರಾವತಿ ಬಸ್ಸು ಹತ್ತಿದ.
ದಾರಿಯುದ್ದಕ್ಕೂ ಅವನ ಮುಖದಲ್ಲಿ
ಕರುಣೆಯೇನೂ ಕಾಣಲಿಲ್ಲ ನನಗೆ.
ಗೇಟು ಇಳಿಸುವಾಗಿನ ಮುಖ.

ಪೇಪರ್ ಟೌನಿನ ಕ್ವಾರ್ಟರ್ಸು.
ಅರ್ಧ ಕ್ಷೌರ ಮಾಡಿದ ಗಲ್ಲದಲ್ಲಿ
ಬೆನ್ಯಾಮೀನ ದೊಡ್ಡಪ್ಪ ಬಾಗಿಲು ತೆರೆದರು.
'ಏನು ಬಂದೆ?'
'ಹೋಗು ಅಂದ್ರು. ಬಂದೆ.'
'ಕ್ಷಮಿಸಿದೀಯಾ?'
'ಇನ್ನೂ ಇಲ್ಲ.'
ಸೋಪಿನ ನೊರೆ ಕೆನ್ನೆಯ ಮೇಲೆ ಒಣಗುವವರೆಗೆ
ದೊಡ್ಡಪ್ಪ ನಿಂತೇ ಇದ್ದರು.
ಆಮೇಲೆ ಪಕ್ಕಕ್ಕೆ ಸರಿದರು, ಒಬ್ಬರು ದಾಟುವಷ್ಟು.

ಒಳಗೆ ಯಾರೂ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ.
ದೊಡ್ಡಮ್ಮ ಕೊಟ್ಟ ಉಪ್ಪಿಟ್ಟಿಗೆ ಉಪ್ಪು ಎರಡು ಸಲ ಬಿದ್ದಿತ್ತು.
ಅಣ್ಣ ತಮ್ಮ ಇಬ್ಬರೂ
ಅದನ್ನು ಹೇಳದೆ ತಿಂದು ಮುಗಿಸಿದರು.

ತಿರುಗಿ ಬಂದಾಗ ಸುಗ್ಗಿಯ ಹರಾಜೂ ಮುಗಿದಿತ್ತು.
ಯಾರು ತಂದದ್ದೆಂದು ಕೂಗದೆಯೇ
ಕುಂಬಳ ಮುನ್ನೂರ ಹತ್ತಕ್ಕೆ ಹೋಗಿತ್ತಂತೆ.
ಆಮೇಲೆ ಬಂದು ಅರ್ಪಿಸು ಎಂದಿತ್ತು ವಾಕ್ಯ;
ಅರ್ಪಿಸಲು ಏನಿತ್ತು?
ಗಂಟೆ ಹೊಡೆಯುವ ಎಲೀಯ ಬೆಂಚು ಒರೆಸುತ್ತಿದ್ದ.
ಅಪ್ಪ ಜೇಬು ತಡಕಿ, ಸಿಕ್ಕ ಬಸ್ಸಿನ ಟಿಕೇಟುಗಳನ್ನು
ನೀಟಾಗಿ ಮಡಿಸಿ ಕಾಣಿಕೆ ಪೆಟ್ಟಿಗೆಯೊಳಗೆ ಬಿಟ್ಟ.
ಯಾರ ಚೇಷ್ಟೆ ಇದು ಎಂದು
ಲೆಕ್ಕದವರು ಮುಂದಿನ ವಾರ ರೇಗಿದರು.

ಈಗ ನಾನು ಭಾನುವಾರದ ಮಕ್ಕಳಿಗೆ ಪಾಠ ಹೇಳುತ್ತೇನೆ.
ನಂಬಿಕೆ ಮೊದಲೋ, ವಿಧೇಯತೆ ಮೊದಲೋ,
ಒಬ್ಬಳಾದರೂ ಕೇಳೇ ಕೇಳುತ್ತಾಳೆ.
ಪುಸ್ತಕದಲ್ಲಿರುವುದನ್ನು ಹೇಳಿ ಮುಂದೆ ಹೋಗುತ್ತೇನೆ.
ಅಪ್ಪನಿಗೆ ಕ್ಷಮೆ ಯಾವತ್ತು ಬಂತು, ನನಗೆ ತಿಳಿಯದು.
'ಪಾಪಪರಿಹಾರ' ಬಂದ ಕಡೆ ಅವನ ದನಿ
ಯಾವ ಭಾನುವಾರ ಮತ್ತೆ ಏರಿತೋ,
ಕೇಳಿಸಿಕೊಳ್ಳಬೇಕೆಂದು ಕಿವಿ ನಿಮಿರಿಸಿ ನಿಲ್ಲುತ್ತಿದ್ದೆ.
ಆಗಲಿಲ್ಲ.
ದೊಡ್ಡಪ್ಪ ನಮ್ಮ ಸಾಲಿನಲ್ಲೇ ನಿಂತು
ಇಡೀ ಸಭೆಗಿಂತ ಗಟ್ಟಿಯಾಗಿ ಹೇಳುತ್ತಿದ್ದರು.